ನಿನ್ನ ಬೆನ್ನ ಮೇಲಿದ್ದ ನಾಲ್ಕು ಬೆರಳು

ರೇಖಾ, ನಿನ್ನ ಸೊಂಟದಲ್ಲಿ ಯಾವ ದೋಷವೂ ಇರಲಿಲ್ಲ. ಅದು ತಿರುಗದಂತೆ ತಡೆದದ್ದು ನಾನು — ನನ್ನ ಬಲಗೈಯ ನಾಲ್ಕು ಬೆರಳು. ಹದಿನಾಲ್ಕು ವರ್ಷ ಈ ಮಾತನ್ನು ನುಂಗಿಕೊಂಡೇ ನಿನ್ನ ಮನೆಯಲ್ಲಿ ಊಟ ಮಾಡಿದ್ದೇನೆ, ನಿನ್ನ ಮಗಳ ನಾಮಕರಣದಲ್ಲಿ ತೊಟ್ಟಿಲು ತೂಗಿದ್ದೇನೆ.

ನೆನಪಿದೆಯಾ, ಕರೂರು ಕೈಗಾರಿಕಾ ಪ್ರದೇಶದಲ್ಲಿ ಚೀಲ ಹೊಲಿಯುವ ಕಾರ್ಖಾನೆಯ ಮಹಡಿ? ಭಾನುವಾರ ಬೆಳಿಗ್ಗೆ ಕೆಳಗೆ ಮಿಷನ್‌ಗಳು ನಿಂತಿರುತ್ತಿದ್ದವು, ಮೇಲೆ ಮಾಸ್ತರರ ಟ್ಯಾಂಗೋ ಕ್ಲಾಸು. ನೀನು ಹರಿಹರದಿಂದ ಮೊದಲ ಬಸ್ಸಿಗೇ ಬಂದುಬಿಡುತ್ತಿದ್ದೆ. ಜೋಡಿ ನೃತ್ಯವೇನೋ ಸರಿ, ಆದರೆ ಗಂಡುಹುಡುಗರ ಜೊತೆ ನಮ್ಮನ್ನು ಜೋಡಿ ಮಾಡಿದ್ದರೆ ನಮ್ಮಿಬ್ಬರ ಮನೆಯವರೂ ಸೇರಿ ಮಾಸ್ತರರ ಕಾಲು ಮುರಿಯುತ್ತಿದ್ದರು. ಹಾಗಾಗಿ ಉದ್ದಕ್ಕಿದ್ದ ನಾನು ಗಂಡಾದೆ, ನೀನು ಹೆಣ್ಣಾದೆ. ನಡೆಸುವವಳು ನಾನು, ಕಣ್ಣು ಮುಚ್ಚಿ ಹಿಂದೆ ಹಿಂದೆ ಹೆಜ್ಜೆ ಇಡುವವಳು ನೀನು.

ಮಾಸ್ತರರದು ಒಂದೇ ಪಾಠ. ಭಾರವೆಲ್ಲ ಒಂದು ಕಾಲಿನ ಮೇಲಿರಲಿ, ಮೊದಲು ಎದೆ ತಿರುಗಲಿ, ಸೊಂಟ ಒಂದು ಗಳಿಗೆ ತಡೆದು ಅದರ ಹಿಂದೆ ಬರಲಿ. ಕುಲುಕಿಸಬೇಡಿ, ತಾನಾಗಿ ಬರಲು ಬಿಡಿ. ನಿನಗೆ ಅದು ಮೊದಲ ದಿನವೇ ಬಂತು. ಕಾಲು ಜಾರಲೆಂದು ನೆಲಕ್ಕೆ ಕೇರಂ ಪೌಡರ್ ಉದುರಿಸುತ್ತಿದ್ದರಲ್ಲ — ನೀನು ತಿರುಗಿದ ಕಡೆಯೆಲ್ಲ ಪಾದದ ಗೀರು ಕುಡುಗೋಲಿನ ಹಾಗೆ ಬಾಗಿ ಮೂಡುತ್ತಿತ್ತು. ನನ್ನದು ಯಾರೋ ನೆಲ ಒರೆಸಿದ ಹಾಗೆ.

ಆಮೇಲೆ ಮಾಸ್ತರರು ಊರು ಬಿಡುವ ಮಾತಾಡಿದರು. ನಮ್ಮಿಬ್ಬರಲ್ಲಿ ಒಬ್ಬರಿಗೆ ಕ್ಲಾಸು ವಹಿಸಿಕೊಡುತ್ತೇನೆ ಎಂದರು. ಅದು ನಿನಗೇ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಹೊಟ್ಟೆ ಉರಿಯಿತು — ಅದಕ್ಕೆ ಬೇರೆ ಹೆಸರಿಲ್ಲ.

ಮುಂದಿನ ಭಾನುವಾರ, ನೀನು ತಿರುಗುವ ಗಳಿಗೆಯಲ್ಲಿ, ನಿನ್ನ ಬೆನ್ನ ಮೇಲಿದ್ದ ನನ್ನ ಬೆರಳುಗಳು ಬಿಗಿಯಾದವು. ಅಷ್ಟೇ. ಪಕ್ಕೆಲುಬಿನ ಮೇಲೆ, ಯಾರಿಗೂ ಕಾಣದಷ್ಟು. ಎದೆ ತಿರುಗಲಿಲ್ಲ, ಸೊಂಟ ನಿಂತಿತು, ನೆಲದ ಗೀರು ನಡುವೆಯೇ ತುಂಡಾಯಿತು. ಕಣ್ಣು ತೆರೆದ ನೀನು ನನ್ನನ್ನು ನೋಡಲಿಲ್ಲ, ನಿನ್ನ ಕಾಲನ್ನು ನೋಡಿಕೊಂಡೆ. "ಯಾಕಕ್ಕಾ ಹಿಂಗಾಗ್ತೈತೆ?" ಎಂದೆ. ನನ್ನ ಬೆರಳು ನಿನಗೆ ಗೊತ್ತಾಗಲಿಲ್ಲವೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಾಗಿರಬೇಕು — ನೀನು ಅದನ್ನು ಆಸರೆ ಎಂದುಕೊಂಡೆ.

ಆರು ಭಾನುವಾರ ಹಾಗೇ ಮಾಡಿದೆ. ಕೊನೆಗೆ ಮಾಸ್ತರರ ಎದುರಿಗೇ ಹೇಳಿದೆ: "ಬ್ಯಾಡ ಬಿಡೇ ರೇಖಾ. ನಿನ್ನ ಸೊಂಟನೇ ಸರಿ ಇಲ್ಲ."

ಕ್ಲಾಸು ನನ್ನದಾಯಿತು. ನೀನು ನನ್ನ ಮಾತನ್ನು ನಂಬಿದೆ, ನಿನ್ನ ಮೈಯೂ ನಂಬಿತು. ಬಲಸೊಂಟ ಬಿಗಿಹಿಡಿದು ನಡೆಯತೊಡಗಿದೆ. ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲವೆಂದರು. ಕಳೆದ ವರ್ಷ ಹರಿಹರದಲ್ಲಿ ನಿಮ್ಮ ಬೀದಿಯಲ್ಲಿ ನಿನ್ನ ಹಿಂದೆ ನಡೆದು ಬರುತ್ತಾ ಗಮನಿಸಿದೆ — ತಿರುವು ಬಂದಾಗಲೆಲ್ಲ ನಿನ್ನ ಸೊಂಟ ನಿಲ್ಲುತ್ತಿತ್ತು. ನನ್ನ ಬೆರಳು ಒತ್ತುತ್ತಿದ್ದಷ್ಟೇ ಹೊತ್ತು. ನಾನು ಹತ್ತು ಮಾರು ಹಿಂದಿದ್ದೆ. ನನ್ನ ಕೈ ಮಾತ್ರ ಇನ್ನೂ ನಿನ್ನ ಬೆನ್ನ ಮೇಲೇ ಇತ್ತು.

ಹೋದ ಭಾನುವಾರ ನೀನು ಮಗಳು ಅನುವನ್ನು ಕರೆದುಕೊಂಡು ಅದೇ ಮಹಡಿ ಹತ್ತಿ ಬಂದೆ. "ಇವಳೂ ಕುಣೀತೀನಿ ಅಂತಾಳಕ್ಕಾ. ನನ್ನಂಗೆ ಇವಳ ಸೊಂಟನೂ ಕೆಟ್ಟೈತೇನೋ, ನೀನೇ ಒಂದ್ಸಲ ನೋಡು. ಕೆಟ್ಟಿದ್ರೆ ಈಗ್ಲೇ ಬಿಡಿಸಿಬಿಡ್ತೀನಿ" ಎಂದೆ. ನನ್ನನ್ನೇ ಕೇಳಿದೆ.

ಹನ್ನೊಂದು ವರ್ಷದ ಹುಡುಗಿ ಪೌಡರ್ ಮೇಲೆ ನಿಂತು, ನನ್ನ ತೋಳು ಹಿಡಿದು, ಯಾರೂ ಹೇಳದೆಯೇ ಕಣ್ಣು ಮುಚ್ಚಿದಳು. ನಾನು ಎದೆ ತಿರುಗಿಸಿದೆ. ನನ್ನ ಬಲಗೈ ಅವಳ ಬೆನ್ನಿಗೆ ಇನ್ನೂ ತಾಗಿರಲಿಲ್ಲ, ರೇಖಾ — ಒಂದು ಗೇಣು ದೂರವಿತ್ತು. ಸೊಂಟ ನಿಂತಿತು. ನೆಲದ ಮೇಲೆ ನಿನ್ನದೇ ಗೀರು, ಅದೇ ಜಾಗದಲ್ಲಿ ತುಂಡಾಗಿ. ನಿನ್ನ ಹಿಂದೆ ನಡೆದು ನಡೆದು ಕಲಿತಿದ್ದಾಳೆ ಎಂದು ಬುದ್ಧಿ ಹೇಳುತ್ತದೆ. ಆದರೂ ಅವಳ ಬೆನ್ನ ಕಡೆ ನೋಡಲು ನನಗೆ ಹೆದರಿಕೆಯಾಯಿತು.

"ನಂದೂ ಸರಿ ಇಲ್ಲೇನು ದೊಡ್ಡಮ್ಮಾ?" ಎಂದು ಅವಳು ಕೇಳಿದಳು. ಮುಂದಿನ ವಾರ ನೋಡೋಣ ಎಂದು ಕಳಿಸಿದೆ. ಇಳಿಯುವಾಗ ಮೆಟ್ಟಿಲಿನ ತಿರುವಿನಲ್ಲಿ ತಾಯಿ, ಮಗಳು ಇಬ್ಬರೂ ಒಟ್ಟಿಗೇ ಒಂದು ಗಳಿಗೆ ತಡೆದು ನಿಂತಿರಿ.

ಅಂದು ಮಾಡಿದ್ದು ಹೊಟ್ಟೆಕಿಚ್ಚಿಗೆ. ಹೋದ ಭಾನುವಾರ ನಿಜ ಹೇಳದೆ ಕಳಿಸಿದ್ದು — ಅದು ಬರೀ ಹೇಡಿತನ.

ಕ್ಷಮಿಸು ಎಂದು ಕೇಳಲು — ಬೇಡ, ಅದನ್ನು ಕೇಳುವುದಿಲ್ಲ. ನಾಳೆ ಹರಿಹರಕ್ಕೆ ಬಂದು ಈ ಕಾಗದವನ್ನು ಅನುವಿನ ಎದುರಿಗೇ ಓದುತ್ತೇನೆ. ಆಮೇಲೆ ಅವಳ ಬೆನ್ನ ಮೇಲೆ ನೀನೇ ಕೈಯಿಡು, ಹಗುರವಾಗಿ. ಅವಳು ತಿರುಗಲಿ. ಅಲ್ಲಿಯವರೆಗೆ ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಎರಡೂ ಕೈ ನಿನಗೆ ಕಾಣುವ ಹಾಗೆ.