ಉರುಕುಂದಪ್ಪ ಮಾಸ್ತರರ ಬೇವಿನಕಡ್ಡಿ

ನಮ್ಮ ಓಣಿಯ ಡ್ರಿಲ್ ಮಾಸ್ತರ ಉರುಕುಂದಪ್ಪನವರು ಬೆಳಿಗ್ಗೆ ಮಾನ್ವಿಯಿಂದ ಮಲ್ಲಟದ ದಾರಿ ಹಿಡಿದು ಓಡಿದರೆ ಮೊದಲ ಬಸ್ಸಿಗೂ ನಾಚಿಕೆಯಾಗಬೇಕು. ಎದೆಬಡಿತ ತಾಳ ತಪ್ಪುತ್ತದೆ, ಓಡಬೇಡಿ ಎಂದು ರಾಯಚೂರಿನ ಡಾಕ್ಟರು ಹೇಳಿದ್ದನ್ನು ಅವರು ದವಾಖಾನೆಯ ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದಾರೆ. ಎದೆ ಢವಢವ ಹೊಡೆದುಕೊಂಡು ಕಣ್ಣಿಗೆ ಕತ್ತಲೆ ಬಂದಾಗೆಲ್ಲ ದಾರಿಬದಿಯ ಬೇವಿನಮರ ಹಿಡಿದು ನಿಲ್ಲುತ್ತಾರೆ; ಯಾರಾದರೂ ನೋಡಿದರೆ, "ಹಲ್ಲು ತಿಕ್ಕಾಕ ಕಡ್ಡಿ ಮುರಿಯಾಕತ್ತೀನಿ" ಎನ್ನುತ್ತಾರೆ. ಮುರಿದದ್ದನ್ನು ಬಿಸಾಡುವ ಜಾಯಮಾನ ಅವರದಲ್ಲ. ಜೇಬು ತುಂಬ ತಂದು ಓಣಿಗೆಲ್ಲ ಹಂಚುತ್ತಾರೆ. ಇಲ್ಲಿ ಹಲ್ಲುಪುಡಿ ಮಾರುವವನಿಗೆ ಗಿರಾಕಿಯೇ ಇಲ್ಲ. "ಇವತ್ತು ಭಾಳ ತಂದೀರಲ್ರೀ ಮಾಸ್ತರ!" ಎಂದು ನಾವು ಖುಷಿಯಿಂದ ಕೈ ಚಾಚುತ್ತೇವೆ. ಅವರ ಹೆಂಡತಿ ಅಮರಮ್ಮ ಮಾತ್ರ ಗಂಡ ಬರಿಗೈಯಲ್ಲಿ ಬಂದ ದಿನವಷ್ಟೇ ನಗುತ್ತಾರೆ. ಈ ಬೇಸಿಗೆಯಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿಲ್ಲ.