ಎರಡು ಆನೆ, ಒಂದು ಒಡಪು

ಬಟ್ಟೆಗೆ ಹುಳ ಹತ್ತದಂತೆ ಇಡುವ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತೆಂದರೆ ನಮ್ಮ ಮನೆಯಲ್ಲಿ ದೀಪಾವಳಿ ಹತ್ತಿರ ಬಂತೆಂದೇ ಅರ್ಥ. ಬೇರೆಯವರ ಮನೆಗಳಲ್ಲಿ ಕರ್ಚಿಕಾಯಿ ಕರಿಯುವ ಘಮದಿಂದ ಹಬ್ಬ ಶುರುವಾಗುತ್ತದಂತೆ. ನಮ್ಮಲ್ಲಿ ಮೊದಲು ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯಬೇಕು, ಒಳಗಿನ ಬಟ್ಟೆಗಳು ಬಿಸಿಲು ಕಾಣಬೇಕು, ನಾನು ಹತ್ತು ಸಲ ಸೀನಬೇಕು. ಕರ್ಚಿಕಾಯಿ ಏನಿದ್ದರೂ ಆಮೇಲೆ. ಇವತ್ತು ಬೆಳಿಗ್ಗೆಯೂ ಹೀಗೇ, ಹೆಂಡತಿ ಸುಮಾ ಸೆರಗು ಸಿಕ್ಕಿಸಿಕೊಂಡು ಟ್ರಂಕಿನ ಮುಂದೆ ಕುಳಿತಿದ್ದಳು. ನಾನು ಸಹಾಯ ಮಾಡುತ್ತೇನೆಂದು ಹೇಳಿ, ಕುರ್ಚಿಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದೆ. ಅವಳು ಏನೇನೋ ಹೇಳುತ್ತಿದ್ದಳು, ನಾನು ಹೂಂ, ಹೂಂ ಎನ್ನುತ್ತಿದ್ದೆ. ಅಷ್ಟರಲ್ಲಿ ಏನೋ ಮೆತ್ತಗಿನದು ಹಾರಿಬಂದು ಮುಖದ ಮೇಲೆ ಬಿತ್ತು. ತೆಗೆದು ನೋಡಿದರೆ ಹಳದಿ ಬಣ್ಣದ ನೈಲಾನ್ ಚಡ್ಡಿ, ಅದರ ತುಂಬ ಹಸಿರು ಗಿಳಿಗಳು.

"ಇದನ್ನ ಇನ್ನೂ ಇಟ್ಟೀಯೇನು?" ಎಂದೆ.

"ಬಂಗಾರ ಬೇಕಾದ್ರ ಮಾರತೇನಿ, ಇದನ್ನ ಮಾರಂಗಿಲ್ರಿ," ಎಂದಳು.

ಈ ಚಡ್ಡಿಗೂ ಬಂಗಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಅದಕ್ಕೆ ಹನ್ನೆರಡು ವರ್ಷ ಹಿಂದೆ, ನಮ್ಮ ಧಾರವಾಡದ ಮನೆಯ ಹೊಸ್ತಿಲಿಗೆ ಹೋಗಬೇಕು.

ಮದುವೆಯಾಗಿ ಸುಮಾ ಮೊದಲ ಸಲ ಮನೆಗೆ ಬಂದ ದಿನ ಅದು. ನಮ್ಮ ಕಡೆ ಹೊಸ ಸೊಸೆಯನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳು ಎನ್ನುತ್ತಾರೆ. ಅದನ್ನೂ ಬರಿದೇ ಹೇಳುವಂತಿಲ್ಲ, ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ನಾಚುತ್ತ ನಾಚುತ್ತ ಸೊಸೆ ಒಡಪು ಹಾಕುವುದು, ಹೆಂಗಸರೆಲ್ಲ ಹೋ ಎನ್ನುವುದು, ಗಂಡನಾದವನು ಮೀಸೆಯೊಳಗೆ ನಗುವುದು, ಇಷ್ಟು ಆದರೇನೇ ಮದುವೆ ಮುಗಿದಂತೆ. ನಾನು ಆ ನಗುವನ್ನು ಎರಡು ದಿನ ಮೊದಲೇ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

"ಹೆಸರ ಹೇಳಿದ್ರನ ಬಾಗಲಾ ಬಿಡತೇವಿ," ಎಂದು ನನ್ನ ಅಕ್ಕ ಕೈ ಅಡ್ಡ ಹಿಡಿದಳು. ಸುಮಾ ನಿಂತಳು. ಯಾರೋ ಹಿಂದಿನಿಂದ ಒಂದು ಹಳೆಯ ಒಡಪು ಕಿವಿಯಲ್ಲಿ ಉಸುರಿದರು. ಇವಳು ತುಟಿ ಬಿಚ್ಚಲಿಲ್ಲ. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಕೊನೆಗೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಒಳಗಿನಿಂದ ಕೂಗಿದಳು: "ಬಿಡ್ರೇ ಹುಡುಗ್ಯಾರ, ದಣದಾಳ ಪಾಪ. ಹೆಸರೇನು ಓಡಿ ಹೋಗತೈತೇನು?"

ಎಲ್ಲರೂ ನಕ್ಕರು. ನನ್ನ ಮೀಸೆಯೊಳಗಿನ ನಗು ಮಾತ್ರ ಅಲ್ಲೇ ಸತ್ತಿತು.

ಮುಂದಿನ ಐದು ತಿಂಗಳು ನಮ್ಮ ಸಂಸಾರ ಹೂಂ ಎಂಬ ಒಂದೇ ಅಕ್ಷರದ ಮೇಲೆ ನಡೆಯಿತು. ಊಟ ಆಯಿತೇನು? ಹೂಂ. ಅಮ್ಮಿನಬಾವಿಗೆ ಹೋಗಿ ನಿಮ್ಮವರನ್ನು ನೋಡಿಕೊಂಡು ಬರೋಣವೇ? ಹೂಂ. ನನ್ನನ್ನು ಕರೆಯಬೇಕಾದರೆ "ಏನ್ರಿ" ಎನ್ನುವಳು, ಇಲ್ಲವೇ ಬಳೆ ಸದ್ದು ಮಾಡುವಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಹಾಗೆ ನೋಡಿದರೆ ಇಡೀ ಧಾರವಾಡದಲ್ಲಿ ನನ್ನಷ್ಟು ಶ್ರೀಮಂತ ಇನ್ನೊಬ್ಬನಿರಲಿಲ್ಲ. ತಮಾಷೆ ಈಗಿನದು. ಆಗ ನನಗೆ ನಿಜಕ್ಕೂ ಭಯವಾಗುತ್ತಿತ್ತು. ಮನೆಯವರ ಒತ್ತಾಯಕ್ಕೆ ಮದುವೆಯಾದಳೇನೋ, ನಾನು ಅವಳಿಗೆ ಒಪ್ಪಿಗೆಯೇ ಇಲ್ಲವೇನೋ ಎಂದು ಒಳಗೊಳಗೇ ಕೊರಗುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, ಅಂದು ಒಡಪು ಯಾಕೆ ಹಾಕಲಿಲ್ಲ ಎಂದು ಕೇಳಿಯೂ ಬಿಟ್ಟೆ. "ಬರಲಿಲ್ರಿ," ಎಂದು ಅಡುಗೆಮನೆಗೆ ಹೋದಳು.

ಆಯಿಗೆ ಕಿವಿ ಮಂದವಿತ್ತು, ಕಣ್ಣು ಚುರುಕಾಗಿತ್ತು. ದೀಪಾವಳಿಗೆ ಎಂಟು ದಿನ ಇದ್ದಾಗ ಅಪ್ಪನನ್ನು ಕರೆದು ಕೂರಿಸಿಕೊಂಡಳು. ನಮ್ಮದು ಬೀಜದ ಅಂಗಡಿ, ಅಪ್ಪನ ಜೊತೆ ನಾನೂ ಅಲ್ಲೇ ಕೂರುತ್ತಿದ್ದೆ. ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಅಂಗಡಿ ಬಿಟ್ಟು ಕದಲುವುದೆಂದರೆ ಅಪ್ಪನ ದೃಷ್ಟಿಯಲ್ಲಿ ಮಹಾಪಾಪ.

"ಕಡ್ಲಿ ಬಿತ್ತೂದು ವರ್ಷಾ ಇದ್ದದ್ದ. ಹುಡುಗನ ಲಗ್ನಾ ಆಗೂದು ಒಮ್ಮೆ," ಎಂದಳು ಆಯಿ. "ಹಬ್ಬದ ಸಾಮಾನು ಇವ್ರಿಬ್ಬರ ಹೋಗಿ ಹುಬ್ಬಳ್ಳಿಂದ ತರಲಿ."

ಅವ್ವ ತಾನೂ ಬರುವುದಾಗಿ ಚಪ್ಪಲಿ ಹುಡುಕತೊಡಗಿದ್ದಳು. ಆಯಿ ಅವಳಿಗೆ ಶೇಂಗಾ ಸುಲಿಯಲು ಹಚ್ಚಿದಳು. ನನ್ನ ಕೈಯಲ್ಲಿ ಸಾಮಾನಿನ ಚೀಟಿ ಇಟ್ಟು, "ಸಂಜಿ ಆಗೂತನಕ ಈ ಕಡೆ ಹಣಿಕಿ ಹಾಕಬ್ಯಾಡ್ರಿ," ಎಂದಳು.

ಸ್ಕೂಟರಿನ ಮೇಲೆ ಹೊರಟೆವು. ಸುಮಾ ಹಿಂದೆ ಕುಳಿತಳು, ನಮ್ಮಿಬ್ಬರ ನಡುವೆ ಸಂತೆಯ ದೊಡ್ಡ ಚೀಲವನ್ನು ಕೂರಿಸಿದಳು. ಸತ್ತೂರು ದಾಟಿತು, ಉಣಕಲ್ ಕೆರೆ ಬಂತು. "ಕೆರಿ ತುಂಬೈತಿ ನೋಡು," ಎಂದೆ. ಚೀಲದ ಆಚೆಯಿಂದ ಹೂಂ ಬಂತು.

ಮಾತಿಲ್ಲದವರ ಶಾಪಿಂಗು ಎಷ್ಟು ಬೇಗ ಮುಗಿಯುತ್ತದೆ ಎಂಬುದು ನಿಮಗೆ ತಿಳಿದಿರಲಾರದು. ಸೀರೆ ಅಂಗಡಿಯಲ್ಲಿ ನಾನು ಒಂದು ಕೆಂಪು ಸೀರೆ ತೋರಿಸಿದೆ, ಅವಳು ಹೂಂ ಎಂದಳು, ಕಟ್ಟಿಸಿದೆವು. ಅಂಗಡಿಯವನೇ ಗಾಬರಿಯಾಗಿ, "ಇನ್ನೊಂದ ನಾಕ ನೋಡ್ರಲ್ಲಾ," ಎಂದ. ಆಯಿಗೆ ಕುಪ್ಪಸದ ಖಣ, ಅಪ್ಪನಿಗೆ ಧೋತರ, ಹಣತೆ, ಆಕಾಶಬುಟ್ಟಿ ಎಲ್ಲ ಚೀಲ ಸೇರಿದವು. ಗಡಿಯಾರ ನೋಡಿದರೆ ಹನ್ನೊಂದೂವರೆ. ಸಂಜೆಯತನಕ ಮನೆಗೆ ಕಾಲಿಡುವಂತಿಲ್ಲ. ಒಂದು ಆಟೋದ ಬೆನ್ನಿಗೆ, ಊರ ಹೊರಗಿನ ನೀರಾಟದ ಪಾರ್ಕಿನ ಚಿತ್ರ ಅಂಟಿಸಿದ್ದರು. ಒಂದು ಆನೆ, ಅದರ ಸೊಂಡಿಲಿನಿಂದ ನೀರು, ಕೆಳಗೆ ಕುಣಿಯುವ ಜನ. "ಹೋಗೂಣೇನು?" ಎಂದೆ. ಅವಳು ಎಂದಿನ ಹೂಂ ಎಂದಳು. ಅದರಲ್ಲಿ ಒಂದು ಎಳೆ ಉತ್ಸಾಹ ಇತ್ತೇ? ಇತ್ತೆಂದೇ ತಿಳಿದು ಪಾರ್ಕಿನ ದಾರಿಗೆ ಸ್ಕೂಟರು ತಿರುಗಿಸಿದೆ.

ಅಲ್ಲಿ ನೀರಿಗಿಳಿಯಲು ಅವರೇ ಮಾರುವ ನೈಲಾನ್ ಬಟ್ಟೆ ತೊಡಬೇಕು. ಗಂಡಸರಿಗೆಲ್ಲ ಇದೇ ಗಿಳಿ ಚಡ್ಡಿ. ಬೇರೆ ಬಣ್ಣ ಕೇಳಿದೆ, ಇರಲಿಲ್ಲ. ನಾನು ಚಡ್ಡಿಯನ್ನು ಎದುರು ಹಿಡಿದು ಅಳತೆ ನೋಡುತ್ತಿರುವಾಗ ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿದೆ. ಸುಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜಗಳು ಕುಣಿಯುತ್ತಿದ್ದವು. ಐದು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಕ್ಷಣದಲ್ಲಿ ಯಾರಾದರೂ ಹೇಳಿದ್ದರೆ ಅದೇ ಚಡ್ಡಿ ತೊಟ್ಟು ಹುಬ್ಬಳ್ಳಿ ಪೇಟೆಯಲ್ಲಿ ಒಂದು ಸುತ್ತು ಬರುತ್ತಿದ್ದೆ.

ಬಟ್ಟೆ ಬದಲಿಸುವ ಕೋಣೆಗಳು ಗಂಡಸರಿಗೆ ಈ ತುದಿಗೆ, ಹೆಂಗಸರಿಗೆ ಆ ತುದಿಗೆ. ಚೀಲ, ಮೊಬೈಲು ಎಲ್ಲ ಲಾಕರಿನಲ್ಲಿಟ್ಟೆವು. "ಆನಿ ಮುಂದ ನಿಂತಿರತೇನಿ, ಅಲ್ಲೇ ಬಾ," ಎಂದೆ. ಹೂಂ ಎಂದಳು.

ನಾನು ಆ ಸಿಮೆಂಟಿನ ಆನೆಯ ಮುಂದೆ ನಿಂತೆ. ಕಾಲು ತಾಸಾಯಿತು, ಅರ್ಧ ತಾಸಾಯಿತು. ಗಂಡಸರ ಚಡ್ಡಿಯ ಗಿಳಿಗಳು ಹಿಂಡು ಹಿಂಡಾಗಿ ಹೋಗುತ್ತಿದ್ದವು, ಇವಳ ಸುಳಿವಿಲ್ಲ. ಹುಡುಕಲು ಹೊರಟರೆ ಅಷ್ಟರಲ್ಲಿ ಅವಳು ಬಂದುಬಿಟ್ಟರೆ? ನಿಂತೇ ಇದ್ದೆ. ಆನೆ ನಿಮಿಷಕ್ಕೊಮ್ಮೆ ನನ್ನ ತಲೆಯ ಮೇಲೆ ನೀರು ಉಗುಳುತ್ತಿತ್ತು. ಚಡ್ಡಿ ನೋಡಿ ಅವಳು ನಕ್ಕದ್ದು ನಿಜ, ಆದರೂ ಬೇಸತ್ತು ಹೊರಟೇ ಹೋದಳೇ? ಅಮ್ಮಿನಬಾವಿಯ ಬಸ್ಸು ಹತ್ತಿಬಿಟ್ಟಳೇ? ನೈಲಾನ್ ಬಟ್ಟೆಯಲ್ಲಿ ಯಾರೂ ತವರಿಗೆ ಹೋಗುವುದಿಲ್ಲ ಎಂಬಷ್ಟು ಬುದ್ಧಿಯೂ ಆಗ ಉಳಿದಿರಲಿಲ್ಲ. ಸುತ್ತ ನೀರೋ ನೀರು, ನನ್ನ ಬಾಯಿ ಒಣಗಿತ್ತು.

ಆ ಪಾರ್ಕಿನಲ್ಲಿ ಎರಡು ಆನೆಗಳಿದ್ದವು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಅವಳು ಆ ತುದಿಯ ಆನೆಯ ಮುಂದೆ, ನನ್ನಷ್ಟೇ ಹೊತ್ತು, ನನ್ನಷ್ಟೇ ನೆಂದು ನಿಂತಿದ್ದಳು. ಅಲ್ಲಿ ನಡೆದದ್ದನ್ನು ಅವಳೇ ಹೇಳಿದಂತೆ ಹೇಳುತ್ತೇನೆ. ನಿಂತು ಸಾಕಾಗಿ ಕೊನೆಗೆ ಅವಳು ಗಟ್ಟಿಯಾಗಿ "ಏನ್ರೀ!" ಎಂದು ಕೂಗಿದಳಂತೆ. ಏಳೆಂಟು ಗಂಡಂದಿರು ಒಟ್ಟಿಗೆ ತಿರುಗಿ "ಏನು?" ಎಂದರಂತೆ. ನಾಚಿಕೆಯಾಗಿ, ಮೈಕಿನಲ್ಲಿ ಹಾಡು ಹಚ್ಚುವ ಕಟ್ಟೆಗೆ ಹೋದಳು.

"ನಿಮ್ಮ ಮನಿಯವರ ಹೆಸರೇನ್ರಿ?" ಎಂದು ಮೈಕಿನವನು ಕೇಳಿದ.

"ಹೇಳಾಕ ಬರಂಗಿಲ್ರಿ."

"ಅಂದ್ರ, ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ. ಹೇಳಂಗಿಲ್ರಿ."

ಬಿ.ಎ. ಓದಿದವಳೇ. ಆದರೂ ಗಂಡನ ಹೆಸರನ್ನು ಬರಿದೇ ಬಾಯಿಬಿಟ್ಟು ಹೇಳಬಾರದೆಂದು ಅವಳ ಅಜ್ಜಿ ಬೆಳೆಸಿದ್ದ ರೀತಿ ಅದು. ಬರೆದು ಕೊಡೋಣವೆಂದರೆ ಕೈಯೆಲ್ಲ ಒದ್ದೆ. ಮೈಕಿನವನು ತಲೆ ಕೆರೆದುಕೊಂಡು, "ಹೆಸರಿಲ್ಲದ ಕರದ್ರ ಮತ್ತ್ಯಾರರ ಬರತಾರ್ರಿ, ಆಮ್ಯಾಲ ನನ್ನ ಬೈಬ್ಯಾಡ್ರಿ," ಎಂದ. ಚಪ್ಪಲಿ ಕಳೆದುಕೊಂಡು ಅಲ್ಲಿಗೆ ಬಂದಿದ್ದ ಒಬ್ಬ ಹಿರಿಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. "ಒಡಪ ಹಾಕಬೇ ಹಂಗಾದ್ರ! ಒಡಪಿನ್ಯಾಗ ಹೇಳಿದ್ರ ದೋಷಿಲ್ಲ," ಎಂದಳು.

ಇತ್ತ ಈ ಆನೆಯ ಕೆಳಗೆ ನಾನು. ಇದ್ದಕ್ಕಿದ್ದಂತೆ ಹಾಡು ನಿಂತಿತು. ಮೈಕು ಕಿರ್ರೆಂದಿತು. ಆಮೇಲೆ ಇಡೀ ಪಾರ್ಕಿಗೆ ಕೇಳುವಂತೆ, ನನಗೆ ಚೆನ್ನಾಗಿ ಗೊತ್ತಿದ್ದ, ಆದರೆ ಅಷ್ಟು ಮಾತಾಡಿದ್ದನ್ನು ಎಂದೂ ಕೇಳಿರದ ಒಂದು ದನಿ ಬಂತು:

"ಸೊಂಡಿಲಾನಿ ನೀರ ಚೆಲ್ಲತೈತಿ, ಹಳದಿ ಚಡ್ಡಿಯೊಳಗ ಗಿಳಿ ನಗತೈತಿ,
ಎಲ್ಲಿ ನಿಂತಾರವ್ವಾ ನಮ್ಮ — — ರಾಯರು, ನನಗ ಹಸಿವ್ಯಾಗೈತಿ!"

ಹೆಸರಿನ ಜಾಗವನ್ನು ಇಲ್ಲಿ ಖಾಲಿ ಬಿಟ್ಟಿದ್ದೇನೆ. ಅದು ಅವಳು ಹೇಳಿದರೇನೇ ಚಂದ. ಗಂಡಸರೆಲ್ಲ ತಲೆ ಬಗ್ಗಿಸಿ ತಂತಮ್ಮ ಚಡ್ಡಿ ನೋಡಿಕೊಂಡರು. ಆಮೇಲೆ ನಗೆ ಎದ್ದಿತು ನೋಡಿ! ನಾನು ಓಡಿದೆ. ಓಡಬಾರದೆಂದು ಬೋರ್ಡು ಇತ್ತು, ಜಾರಿ ಬಿದ್ದೆ, ಎದ್ದು ಮತ್ತೆ ಓಡಿದೆ. ಕಟ್ಟೆಯ ಹತ್ತಿರ ಹೋದಾಗ ಆ ಚಪ್ಪಲಿ ಕಳೆದುಕೊಂಡ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ನ ಏನು?" ಎಂದಳು. ಸುಮಾ ತಲೆಯಾಡಿಸಿದಳು. ನಾನು ಅಭ್ಯಾಸ ಮಾಡಿದ್ದ ಮೀಸೆಯೊಳಗಿನ ನಗುವಿಗೆ ಅವತ್ತು ಮೀಸೆ ಸಾಲಲಿಲ್ಲ.

ಬಿಸಿ ಮಿರ್ಚಿ, ಗಿರ್ಮಿಟ್ಟು ತಿನ್ನುತ್ತ ಕುಳಿತಾಗ ಕೇಳಿದೆ: "ಇಷ್ಟು ಛಲೋ ಕಟ್ಟತೀ. ಅವತ್ತ ಬಾಗಲದಾಗ ಯಾಕ ಹೇಳಲಿಲ್ಲ?"

"ಎಲ್ಲಾರೂ ತಮ್ಮ ತಮ್ಮ ಒಡಪು ಕಲಸಾಕತ್ತಿದ್ರು. ಸಣ್ಣಾಕಿ ಇದ್ದಾಗಿಂದ ಊರ ಮಂದಿಗೆಲ್ಲಾ ಒಡಪು ಕಟ್ಟಿ ಕೊಟ್ಟಾಕಿ ನಾ. ನನ್ನ ಗಂಡಗ ಎರವಿನ ಒಡಪು ಹಾಕಲೇನ್ರಿ? ಅವತ್ತಿಗೆ ನಿಮ್ಮನ್ನ ನೋಡಿದ್ದು ಎರಡ ಸರ್ತಿ. ಗೊತ್ತಿಲ್ಲದ ಮನಷ್ಯಾನ ಮ್ಯಾಲೆ ಏನಂತ ಕಟ್ಟೂದು?"

"ಈಗ ಏನು ಗೊತ್ತಾತು?"

ಮಿರ್ಚಿಯ ತೊಟ್ಟು ತೆಗೆದಿಡುತ್ತ ಹೇಳಿದಳು: "ಇಲ್ಲೇ ನಿಂತಿರತೇನಿ ಅಂದ್ರ ನಿಂತಿರತೀರಿ ಅಂತ ಗೊತ್ತಾತು. ಆನಿ ತಪ್ಪಿತು ಖರೇ. ಆದ್ರ ನಿಂತ್ರಿ."

ಹೂಂ ಎಂದೆ. ಖುಷಿಯಿಂದ ಕಣ್ಣು ತುಂಬಿತ್ತು. ಮಿರ್ಚಿ ಖಾರ ಎಂದು ಸುಳ್ಳು ಹೇಳಿದೆ.

ಮರಳುವಾಗ ಚೀಲವನ್ನು ಅವಳೇ ನನ್ನ ಕಾಲಿನ ಹತ್ತಿರ, ಸ್ಕೂಟರಿನ ಮುಂದೆ ಇಟ್ಟಳು. ಉಣಕಲ್ಲಿನಿಂದ ಧಾರವಾಡದತನಕ ಒಂದೇ ಸಮನೆ ಮಾತಾಡಿದಳು. ಕೆಂಪು ಬಣ್ಣ ತನಗೆ ಸೇರುವುದಿಲ್ಲ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಮನೆಗೆ ಬಂದಾಗ ಆಯಿ ಅವಳ ಒದ್ದೆ ಜಡೆ ನೋಡಿದಳು, ಒಂದೂ ಮೋಡವಿಲ್ಲದ ಆಕಾಶ ನೋಡಿದಳು.

"ಹುಬ್ಬಳ್ಳ್ಯಾಗ ಮಳಿ ಜೋರಿತ್ತೇನು?" ಎಂದಳು. ನಾವಿಬ್ಬರೂ ಒಟ್ಟಿಗೇ ಹೂಂ ಎಂದೆವು. ಆಯಿ ಖಣವನ್ನು ಬಿಚ್ಚಿ ಕೂಡ ನೋಡದೆ ನನ್ನ ಕಡೆ ತಳ್ಳಿದಳು. "ಈ ಬಣ್ಣಾ ನನಗ ಒಗ್ಗಂಗಿಲ್ಲ. ನಾಳೆ ಹೋಗಿ ಬದಲಿಸಿಕೊಂಡ ಬರ್ರಿ. ಮಳಿ ಬಂದ್ರ ಇನ್ನೊಮ್ಮೆ ತೊಯಿಸಿಕೊಳ್ರಿ."

ಮರುದಿನ ಅದೇ ಸೀರೆ ಅಂಗಡಿಯಲ್ಲಿ ಸುಮಾ ಎರಡು ತಾಸು ಕುಳಿತಳು. ಗುಡ್ಡದಷ್ಟು ಸೀರೆ ಬಿಚ್ಚಿಸಿದಳು. ಕೆಂಪನ್ನು ಕೊಟ್ಟು ಎಲೆಹಸಿರು ತೆಗೆದುಕೊಂಡಳು. ನಿನ್ನೆ ಇನ್ನೊಂದು ನಾಲ್ಕು ನೋಡಿ ಎಂದಿದ್ದ ಅಂಗಡಿಯವನು ಇವತ್ತು ತಲೆ ಮೇಲೆ ಕೈ ಹೊತ್ತಿದ್ದ. ನಾನು ಅವನ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತ, ಇಷ್ಟು ಮಾತಾಡುವ ಹೆಂಡತಿ ಯಾರಿಗಿದ್ದಾಳೆ ಎಂಬಂತೆ ಅತ್ತಿತ್ತ ನೋಡುತ್ತಿದ್ದೆ. ಆಮೇಲೆ ಪಾರ್ಕಿಗೆ ಹೋದೆವು, ಈ ಸಲ ಇಬ್ಬರೂ ಒಂದೇ ಆನೆಯ ಕೆಳಗೆ. ಮುಂದೆಯೂ ಆಯಿ ಇರುವತನಕ ಪ್ರತಿ ದೀಪಾವಳಿಗೆ ಅವಳ ಖಣದ ಬಣ್ಣ ತಪ್ಪುತ್ತಲೇ ಇತ್ತು. ಅವಳು ಹೋದ ಮೇಲೆ ನಮ್ಮ ಮಳೆಯೂ ನಿಂತುಹೋಯಿತು.

ಇದೆಲ್ಲ ನೆನಪಾಗುತ್ತ ಚಡ್ಡಿಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ. ಚಹಾ ಕುಡಿಯೋಣವೆಂದು ಎದ್ದು ಅಡುಗೆಮನೆಗೆ ಹೋದರೆ, ಸುಮಾ ಬಾಗಿಲಿಗೆ ಕಸಬರಿಗೆ ಅಡ್ಡ ಹಿಡಿದು ನಿಂತಿದ್ದಳು.

"ಹೆಸರ ಹೇಳ್ರಿ. ಇಲ್ಲಂದ್ರ ಒಳಗ ಬಿಡಂಗಿಲ್ಲ."

"ಹೂಂ, ಹೂಂ, ಸರಿ," ಎಂದು ನಕ್ಕೆ.

"ಮುಂಜಾನಿಂದ ಎಷ್ಟು ಹೂಂ ಅಂದೀರಿ ಗೊತ್ತೈತೇನ್ರಿ?" ಅವಳೂ ನಗುತ್ತಿದ್ದಳು. ಆದರೆ ಕಸಬರಿಗೆ ಕೆಳಗಿಳಿಯಲಿಲ್ಲ.

ಮಾತು ನೆಟ್ಟಗೆ ಎದೆಗೆ ತಾಗಿತು. ಈಚೀಚೆಗೆ ನಮ್ಮ ಮನೆಯಲ್ಲಿ ಹೂಂ ಎನ್ನುವವನು ನಾನಾಗಿದ್ದೆ. ಅವಳು ಚೀಲವನ್ನು ನಡುವಿನಿಂದ ತೆಗೆದಿದ್ದಳು, ನಾನು ಮೊಬೈಲನ್ನು ತಂದಿಟ್ಟಿದ್ದೆ. ಕೈಯಲ್ಲಿದ್ದ ಅದನ್ನು ಡಬ್ಬಿಗಳ ಹಿಂದೆ ಇಟ್ಟು, ಹೊಸ್ತಿಲಲ್ಲಿ ನಿಂತೆ. ಒಡಪು ಬರಲಿಲ್ಲ. ಒಡಪು ಕಟ್ಟಬೇಕೆಂದರೆ ಎದುರಿನವರನ್ನು ನೋಡಬೇಕಲ್ಲ. ನೋಡಿದೆ. ಬಹಳ ದಿನಗಳ ಮೇಲೆ ನೋಡಿದೆ. ಹುಬ್ಬಿನ ಮೇಲೆ ಧೂಳು, ಕೂದಲಲ್ಲಿ ಜೇಡರ ಬಲೆ, ಕಣ್ಣಲ್ಲಿ ಅದೇ ಪಾರ್ಕಿನ ನಗು.

"ಅಟ್ಟದ ಧೂಳೆಲ್ಲಾ ತಲಿಮ್ಯಾಲ ಹೊತ್ತಾಳ, ಕಸಬರಿಗಿ ಹಿಡದು ಬಾಗಲದಾಗ ನಿಂತಾಳ,
ಹಬ್ಬಕ್ಕ ಇನ್ನೂ ನಾಕ ದಿನ ಐತಿ, ಸುಮಾ ಆಗಲೇ ದೀಪಾ ಹಚ್ಯಾಳ!"

ಅವಳು ಕಸಬರಿಗೆ ಇಳಿಸಿದಳು. ಪ್ರಾಸ ಕೊನೆಗೆ ಸ್ವಲ್ಪ ಕುಂಟಿತು ಎಂದಳು. ಆದರೆ ನೋಡಿ ಕಟ್ಟಿದ್ದೀರಿ, ಒಳಗೆ ಬನ್ನಿ ಎಂದಳು.

ಈಗ ಗಿಳಿ ಚಡ್ಡಿ ಹಿತ್ತಲಿನ ತಂತಿಯ ಮೇಲೆ ಗಾಳಿಗೆ ಆಡುತ್ತಿದೆ. ಅದು ನನ್ನ ಹೊಟ್ಟೆಗೆ ಸಾಲುವುದಿಲ್ಲ ಎಂದು ಸುಮಾ, ಸಾಲುತ್ತದೆ ಎಂದು ನಾನು ವಾದ ಮಾಡುತ್ತಿದ್ದೇವೆ. ನಾಳೆ ಅಂಗಡಿಗೆ ರಜೆ. ಖಣ ಬದಲಿಸಲು ಹುಬ್ಬಳ್ಳಿಗೆ ಹೊರಟಿದ್ದೇವೆ. ಖಣ ಇನ್ನೂ ತಂದೇ ಇಲ್ಲ.