ರಜೆ ಕೊಟ್ಟರೆ ಬಿಸಿಲು

ನಮ್ಮೂರಿನಲ್ಲಿ ಚಳಿಗಾಲದ ಹವಾಮಾನ ವರದಿ ನನ್ನ ಮೂಲಕವೇ ಹೊರಡುತ್ತದೆ. ಹಾಗೆಂದು ನಾನು ಹವಾಮಾನದ ಬಗ್ಗೆ ಓದಿಕೊಂಡವಳೇನಲ್ಲ. ಸೂಲಿಬೆಲೆಯಿಂದ ಸ್ವಲ್ಪ ಒಳಗಿರುವ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೇಡಂ, ಅಷ್ಟೇ. ಆದರೂ ಡಿಸೆಂಬರ್ ಹತ್ತಿರ ಬಂತೆಂದರೆ ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಕ್ಯಾನು ಹಿಡಿದು ನಿಂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಮೇಡಂ, ನಾಳೆ ರಜಾನಾ?" ಮಕ್ಕಳ ಮೇಲಿನ ಪ್ರೀತಿಯಿಂದ ಕೇಳುತ್ತಾರೆ ಎಂದು ಮೊದಮೊದಲು ನಾನೂ ನಂಬಿದ್ದೆ. ಅವರಿಗೆ ಬೇಕಾಗಿರುವುದು ರಾಗಿ ಕೊಯ್ಯಬಹುದೋ ಇಲ್ಲವೋ ಎಂಬುದು.

ಈ ಪದ್ಧತಿಯನ್ನು ಊರಿಗೆ ಅಂಟಿಸಿದವರು ನಮ್ಮತ್ತೆ. ಅವರ ಲೆಕ್ಕಾಚಾರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ನಮ್ಮ ಕಡೆಯ ಚಳಿಗಾಲ ಗೊತ್ತಿರಬೇಕು. ಇಲ್ಲಿ ಬರೀ ಚಳಿಗೆ ಯಾರೂ ಹೆದರುವುದಿಲ್ಲ. ಬೆಳಗಿನ ಮಂಜು ಒಳ್ಳೆಯದೇ, ಅವರೆಕಾಯಿಗೆ ಸೊಗಡು ಬರುವುದೇ ಅದರಿಂದ. ಕಾಟವೇನಿದ್ದರೂ ಚೆನ್ನೈ ಕಡೆ ಸಮುದ್ರದಲ್ಲಿ ಸೈಕ್ಲೋನ್ ಎದ್ದಾಗ. ಅಲ್ಲಿ ಗಾಳಿ ಎದ್ದರೆ ಇಲ್ಲಿ ನಾಲ್ಕೈದು ದಿನ ಆಕಾಶ ತಲೆಗೆ ತಾಗುವಷ್ಟು ಕೆಳಗಿಳಿಯುತ್ತದೆ. ಜೋರು ಮಳೆಯೂ ಇಲ್ಲ, ಬಿಡುವೂ ಇಲ್ಲ. ಜಿಟಿಜಿಟಿ ಎಂದು ಹನಿಯುತ್ತಲೇ ಇರುತ್ತದೆ, ಜೊತೆಗೆ ಕಿವಿ ಕೊರೆಯುವ ಶೀತಗಾಳಿ. ಒಗೆದ ಬಟ್ಟೆ ಒಣಗುವುದಿಲ್ಲ, ಹಸುಗಳು ಕೊಟ್ಟಿಗೆಯಿಂದ ಹೊರಗೆ ಹೆಜ್ಜೆ ಇಡುವುದಿಲ್ಲ, ಶಾಲೆಯಲ್ಲಿ ಪಾಠಕ್ಕಿಂತ ಕೆಮ್ಮೇ ಜಾಸ್ತಿ ಕೇಳುತ್ತದೆ. ಅಂಥ ದಿನಗಳಲ್ಲಿ ನಮ್ಮ ಮೊಬೈಲಿಗೆ ಮೇಲಿನಿಂದ ಸಂದೇಶ ಬರುತ್ತದೆ: ಶೀತಗಾಳಿ ಮತ್ತು ಮಳೆಯ ಮುನ್ಸೂಚನೆ ಇರುವುದರಿಂದ ನಾಳೆ ಶಾಲೆಗಳಿಗೆ ರಜೆ.

ಹಾಗೆ ರಜೆ ಕೊಟ್ಟ ಮೊದಲ ಸಲ, ಮಾರನೆಯ ದಿನ ಒಂಬತ್ತು ಗಂಟೆಗೆಲ್ಲ ಬಿಸಿಲು ಬಿತ್ತು. ಅದೂ ಎಂಥ ಬಿಸಿಲು! ಹಪ್ಪಳ ಒಣಗಿಸಬಹುದಿತ್ತು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ನಾನು ರಜೆ ಎಂದು ಹೇಳಿದ ಕೂಡಲೇ ಅತ್ತೆ ಒದ್ದೆ ಕಂಬಳಿಗಳನ್ನೆಲ್ಲ ಎತ್ತಿ ಹಿತ್ತಲ ತಂತಿಯ ಮೇಲೆ ಹಾಕಿದರು. ಮಾರನೆಯ ದಿನ ಬಿಸಿಲು ಬಿತ್ತು. "ನಿಮ್ಮೋರು ರಜಾ ಕೊಟ್ರೆ ಬಿಸ್ಲು, ಸ್ಕೂಲ್ ಇಟ್ರೆ ಮಳೆ. ಇಷ್ಟೇ ಕಣಮ್ಮ" ಎಂದು ತೀರ್ಮಾನ ಕೊಟ್ಟರು. ಡೈರಿಯಲ್ಲಿ ಅದನ್ನೇ ಹೇಳಿದರು. ಡೈರಿಯಲ್ಲಿ ಹೇಳಿದ್ದು ಊರಲ್ಲಿ ಹರಡಲು ಹಾಲು ಕಾಯುವಷ್ಟು ಹೊತ್ತೂ ಬೇಕಿಲ್ಲ.

ನನಗೆ ಇದರಿಂದ ಮೈಯುರಿಯುತ್ತಿತ್ತು. ಮುನ್ಸೂಚನೆ ಎಂದರೇನು, ಅದು ಏಕೆ ಕೆಲವೊಮ್ಮೆ ತಪ್ಪುತ್ತದೆ ಎಂದು ವಿವರಿಸಲು ಹೋದೆ. ಆದರೆ ಮೊಬೈಲಿನಲ್ಲಿ ಬರುವ ಮುನ್ಸೂಚನೆಯೂ ನನ್ನ ಕೈ ಹಿಡಿಯಲಿಲ್ಲ. ನೆಲಮಂಗಲದ ಆಚೆಯಿಂದ ಸೂಲಿಬೆಲೆಯ ಈಚೆಯವರೆಗೂ ಇಡೀ ಜಿಲ್ಲೆಗೆ ಒಂದೇ ಸಾಲು: "ಅಲ್ಲಲ್ಲಿ ಹಗುರದಿಂದ ಸಾಧಾರಣ ಮಳೆ." ಆ ಅಲ್ಲಲ್ಲಿ ಎಂಬುದರಲ್ಲಿ ನಮ್ಮ ಹೊಲ ಬರುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ಇನ್ನೊಂದು ಆ್ಯಪ್ ಹಾಕಿಕೊಂಡೆ. ಅದು ದೇವನಹಳ್ಳಿ ವಿಮಾನ ನಿಲ್ದಾಣದ ಹವಾಮಾನ ತೋರಿಸುತ್ತಿತ್ತು. ಅತ್ತೆ ಅದನ್ನು ನೋಡಿ, "ಇದು ವಿಮಾನಕ್ಕೆ ಹೇಳ್ತೈತೆ. ರಾಗಿಗೆ ಹೇಳೋದು ಬೇರೆ ಐತಾ ನೋಡು" ಎಂದರು.

ಎರಡು ವರ್ಷದ ಹಿಂದಿನ ಮಾತು. ಆ ಸಲ ಅತ್ತೆಯ ರಾಗಿ ಚೆನ್ನಾಗಿ ಬಂದಿತ್ತು. ತೆನೆಗಳು ಮುಷ್ಟಿ ಕಟ್ಟಿ ಕಂದು ತಿರುಗಿದ್ದವು. ನಮ್ಮ ಮನೆಯಲ್ಲಿ ಹೊಲದ ಯಜಮಾನಿಕೆ ಅವರದೇ. ನನ್ನ ಗಂಡ ಹೊಸಕೋಟೆಯ ಹತ್ತಿರ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ, ಹೊಲದ ವಿಷಯಕ್ಕೆ ಬಾಯಿ ಹಾಕುವುದಿಲ್ಲ. ಅತ್ತೆಗೆ ಆ ಹೊಲದಿಂದ ಎರಡು ಆಗಬೇಕು. ಒಂದು, ವರ್ಷಪೂರ್ತಿ ಮುದ್ದೆಗೆ ರಾಗಿ. ಅಂಗಡಿ ರಾಗಿಯ ಮುದ್ದೆ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಇನ್ನೊಂದು, ಮೂರು ಹಸುಗಳಿಗೆ ಬೇಸಿಗೆ ಕಳೆಯುವಷ್ಟು ಹುಲ್ಲು. ಕೊಯ್ಲು ಮಷಿನ್ನು ಹುಲ್ಲನ್ನು ಚೂರುಚೂರು ಮಾಡಿ ಹಾಳುಗೆಡಿಸುತ್ತದೆ ಎಂದು ಅವರು ಅದನ್ನು ಹೊಲದ ಬದುವಿಗೂ ಸೇರಿಸುವುದಿಲ್ಲ. ಕುಡುಗೋಲಿನಿಂದಲೇ ಕೊಯ್ಯಬೇಕು.

ಕೂಲಿಗೆ ಜನ ಸಿಗದ ಕಾಲ. ಹಾಗಾಗಿ ನಮ್ಮ ಬೀದಿಯ ಹೆಂಗಸರು ಮುಯ್ಯಿ ಮಾಡಿಕೊಳ್ಳುತ್ತಾರೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅತ್ತೆಯ ಸರದಿ ಬಂದ ವಾರವೇ ಸೈಕ್ಲೋನ್ ಸುದ್ದಿಯೂ ಬಂತು. ಸರದಿ ತಪ್ಪಿದರೆ ಮತ್ತೆ ಎಲ್ಲರ ಹೊಲ ಮುಗಿಯುವವರೆಗೂ ಕಾಯಬೇಕು, ಅಷ್ಟರಲ್ಲಿ ತೆನೆ ಉದುರುತ್ತದೆ. ಕೊಯ್ದು ಹಾಕಿದ ಮೇಲೆ ಮಳೆ ಬಂದರೆ ನೆಲದ ಮೇಲಿನ ರಾಗಿ ಅಲ್ಲೇ ಮೊಳೆಯುತ್ತದೆ, ಹುಲ್ಲು ಕೊಳೆಯುತ್ತದೆ. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು, ಹೆದರಿದ್ದಾರೆ ಎಂದು.

ಆ ಸಂಜೆ ನನಗೆ ಸಂದೇಶ ಬಂತು. ನಾಳೆ ರಜೆ. ನಾನು ಹೇಳಿದ್ದೇ ತಡ, ಅತ್ತೆಯ ಮುಖದಲ್ಲಿ ಬೆಳಕು ಬಂತು. ಬೀದಿಯಲ್ಲಿ ನಿಂತು ಮನೆಮನೆಗೂ ಕೂಗಿದರು: "ರಜಾ ಕೊಟ್ಟವ್ರೆ! ನಾಳೆ ಕುಡ್ಲು ತಗೊಂಡ್ ಬನ್ರಮ್ಮಾ!"

"ಅತ್ತೆ, ಮಳೆ ಬರುತ್ತೆ ಅಂತ ತಾನೇ ರಜ ಕೊಟ್ಟಿರೋದು?" ಎಂದೆ.

"ಅವ್ರು ಹಂಗಂದ್ಕೊಂಡು ಕೊಟ್ಟವ್ರೆ. ಸುಮ್ನಿರು" ಎಂದರು.

ಬೆಳಿಗ್ಗೆ ದಟ್ಟ ಮಂಜು. ಹೊಲದಲ್ಲಿ ಎದುರಿಗಿದ್ದವರ ಸೀರೆಯ ಬಣ್ಣವೂ ಕಾಣುತ್ತಿರಲಿಲ್ಲ, ಕುಡುಗೋಲಿನ ಸದ್ದು ಮಾತ್ರ ಕೇಳುತ್ತಿತ್ತು. ರಜೆ ಇದ್ದುದರಿಂದ ನಾನೂ ಒಂದು ಕುಡುಗೋಲು ಹಿಡಿದಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತು. ಅತ್ತೆ ಸೊಂಟ ನೆಟ್ಟಗೆ ಮಾಡಿ ನನ್ನ ಕಡೆ ಒಮ್ಮೆ ನೋಡಿದರು. ಮತ್ತೆ ಬಗ್ಗಿ ಕೊಯ್ಯತೊಡಗಿದರು. ಮಧ್ಯಾಹ್ನ ಬದುವಿನ ಮೇಲೆ ಎಲ್ಲರೂ ಮುದ್ದೆ, ಅವರೆಕಾಳಿನ ಸಾರು ಉಂಡೆವು. ಹೊತ್ತು ಇಳಿಯುವುದರೊಳಗೆ ಇಡೀ ಹೊಲ ಕೊಯ್ದು ಮುಗಿದಿತ್ತು. ರಾಗಿ ಸಾಲುಸಾಲಾಗಿ ನೆಲದ ಮೇಲೆ ಮಲಗಿತ್ತು. ಹಾಗೇ ಮೂರು ನಾಲ್ಕು ದಿನ ಒಣಗಿದರೆ ಕಟ್ಟಿ ಮೆದೆ ಒಟ್ಟಬಹುದು.

ಹೊಲದಿಂದ ಹೊರಡುವಾಗ ನನ್ನ ಮೊಬೈಲು ಸದ್ದು ಮಾಡಿತು. ನಾಳೆ ಶಾಲೆಗಳು ಎಂದಿನಂತೆ ನಡೆಯುತ್ತವೆ.

ನಾನು ಅದನ್ನು ಜೋರಾಗಿ ಓದಬಾರದಿತ್ತೇನೋ. ಹೆಂಗಸರೆಲ್ಲ ನಕ್ಕರು. "ಅಯ್ಯೋ, ಸ್ಕೂಲ್ ಐತಂತೆ, ಹಂಗಾರೆ ಮಳೆ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಅತ್ತೆ ನಗಲಿಲ್ಲ. ಅವರು ತಮ್ಮ ನಿಯಮವನ್ನು ಎರಡೂ ಕಡೆಯಿಂದ ನಂಬಿದ್ದರು. ಮನೆ ಬಾಗಿಲಲ್ಲಿ ನಿಂತು ಹೇಳಿದರು: "ನಾಳೆ ನೀನು ರಜಾ ಹಾಕ್ಬಿಡು."

"ಯಾಕತ್ತೆ?"

"ಸುಮ್ನೆ ಹಾಕು."

ನಾನು ಮನೆಯಲ್ಲಿದ್ದರೆ ಶಾಲೆ ಇಲ್ಲ, ಶಾಲೆ ಇಲ್ಲದಿದ್ದರೆ ಮಳೆ ಇಲ್ಲ. ನಗು ಬಂತು, ಕೋಪವೂ ಬಂತು. ಮದುವೆಯಾಗಿ ಬಂದಂದಿನಿಂದ ನನ್ನ ಕೆಲಸವನ್ನು ಅವರು ಒಂದು ಕೆಲಸವೆಂದು ಎಣಿಸಿದವರೇ ಅಲ್ಲ. ಯಾರಾದರೂ ಕೇಳಿದರೆ, "ಸ್ಕೂಲ್ಗೋಗಿ ಕೂತ್ಕಂಡ್ ಬತ್ತಾಳೆ" ಎನ್ನುತ್ತಿದ್ದರು. ನಮ್ಮದು ಇಬ್ಬರು ಮೇಡಂಗಳ ಶಾಲೆ. ಇನ್ನೊಬ್ಬರು ಆಗ ಹೆರಿಗೆ ರಜೆಯಲ್ಲಿದ್ದರು. ನಾನು ಹೋಗದಿದ್ದರೆ ಗೇಟಿನ ಬೀಗ ತೆಗೆಯುವವರಿಲ್ಲ. ಮಕ್ಕಳ ತಾಯಂದಿರು ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗುವವರು. ಇದನ್ನೆಲ್ಲ ಹೇಳಿ, ಆಗುವುದಿಲ್ಲ ಎಂದೆ. ಅತ್ತೆ ಒಳಗೆ ಹೋಗಿ ಮಲಗಿದರು.

ಮಾರನೆಯ ದಿನ ನಾನು ಗೇಟಿನ ಬೀಗ ತೆಗೆಯುವಾಗಲೇ ಮೊದಲ ಹನಿ ಬಿತ್ತು.

ನಮ್ಮ ಶಾಲೆಗೆ ಇರುವುದು ಎರಡು ಕೋಣೆ. ಒಂದರ ಚಾವಣಿ ಸೋರುತ್ತದೆ, ಇನ್ನೊಂದರಲ್ಲಿ ಅಕ್ಕಿ ಬೇಳೆ ಮೂಟೆ, ಬೀರು, ಕುರ್ಚಿ. ಹಾಗಾಗಿ ಮಕ್ಕಳು ಕೂರುವುದು ಜಗಲಿಯಲ್ಲಿ. ಜಗಲಿಯ ಒಂದು ಕಡೆ ಪೂರ್ತಿ ಬಯಲು, ಎರಚಲು ನೇರ ಒಳಗೆ ಬರುತ್ತದೆ. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ನಮ್ಮ ಮನೆಯ ದೊಡ್ಡ ನೀಲಿ ಟಾರ್ಪಾಲನ್ನು ಅತ್ತೆಯನ್ನು ಕೇಳಿಯೇ ತಂದು ಕಟ್ಟಿದ್ದೆ. "ಬೇಕಾದಾಗ ಕೊಡ್ಬೇಕು" ಎಂದು ಗೊಣಗಿ ಕೊಟ್ಟಿದ್ದರು. ಆಮೇಲೆ ಅದರ ಮಾತೇ ಬರಲಿಲ್ಲ.

ಅವತ್ತು ಮಕ್ಕಳು ಅರ್ಧಕ್ಕರ್ಧ ಬಂದಿದ್ದರು. ಯಾರಿಗೂ ಪಾಠದ ಮೇಲೆ ಗಮನವಿರಲಿಲ್ಲ, ನನಗೂ ಇರಲಿಲ್ಲ. ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಬರೆಯುತ್ತಾ ಕೆರೆಯಾಚೆಯ ಹೊಲವನ್ನೇ ನೆನೆಯುತ್ತಿದ್ದೆ. ಅಡುಗೆಯವರು ಹಾಲಿಗೆ ರಾಗಿ ಮಾಲ್ಟ್, ಎಂದರೆ ಮೊಳಕೆ ಬರಿಸಿದ ರಾಗಿಯ ಹಿಟ್ಟು, ಹಾಕಿ ಬಿಸಿಬಿಸಿಯಾಗಿ ಕೊಟ್ಟರು. ಮಕ್ಕಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು ಕುಡಿದರು. ಮಳೆ ಬಿಡಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಗೇಟಿನಲ್ಲಿ ಯಾರೋ ತಲೆಯ ಮೇಲಿಂದ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದು ಕಂಡಿತು. ಅತ್ತೆ. ಕೆರೆ ಏರಿಯ ಮೇಲೆ ನಡೆದೇ ಬಂದಿದ್ದರು. ನಾನು ಆ ಶಾಲೆಗೆ ಸೇರಿ ಇಷ್ಟು ವರ್ಷವಾದರೂ ಒಂದು ದಿನವೂ ಅತ್ತ ಕಾಲಿಟ್ಟವರಲ್ಲ.

"ಟಾರ್ಪಾಲು ಎಲ್ಲಿ?" ಎಂದರು. "ಬೇಗ ಕೊಡು, ಒಂದ್ ಕಡೇದಾದ್ರೂ ಉಳೀಲಿ."

ನಾನು ಯೋಚನೆ ಮಾಡಲಿಲ್ಲ. ಟಾರ್ಪಾಲು ನಮ್ಮ ಮನೆಯದು, ರಾಗಿಯೂ ನಮ್ಮ ಮನೆಯದು. ಮಕ್ಕಳನ್ನು ಪಕ್ಕದ ಪುಟ್ಟ ಅಡುಗೆಮನೆಗೆ ತುರುಕಿದರಾಯಿತು ಎಂದುಕೊಂಡು ಸ್ಟೂಲಿನ ಮೇಲೆ ಹತ್ತಿ ಮೊದಲ ಗಂಟು ಬಿಚ್ಚಿದೆ. ಅಷ್ಟಕ್ಕೇ ಗಾಳಿ ಟಾರ್ಪಾಲಿನ ಮೂಲೆಯನ್ನು ಎತ್ತಿ ಹೊಡೆಯಿತು. ಎರಚಲು ಒಳಗೆ ನುಗ್ಗಿ ಅನ್ನದ ತಟ್ಟೆಗಳ ಮೇಲೆ ಬಿತ್ತು. ಮಕ್ಕಳು ಕೂಗಲಿಲ್ಲ, ಗಲಾಟೆ ಮಾಡಲಿಲ್ಲ. ತಟ್ಟೆ ಎತ್ತಿಕೊಂಡು ಸುಮ್ಮನೆ ಗೋಡೆ ಕಡೆ ಸರಿದು ಕುಳಿತವು. ಅವಕ್ಕೆ ಅಭ್ಯಾಸವಾಗಿತ್ತು. ದೊಡ್ಡವರ ಸ್ವೆಟರ್ ಹಾಕಿಕೊಂಡಿದ್ದ ಒಂದನೇ ಕ್ಲಾಸಿನ ಪುಟ್ಟಿ ಜೋತ ತೋಳನ್ನು ತಟ್ಟೆಯ ಮೇಲೆ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ತಿನ್ನುತ್ತಲೇ ಇತ್ತು.

ಅತ್ತೆ ಅದನ್ನೇ ನೋಡುತ್ತಿದ್ದರು.

"ಬಿಡು" ಎಂದರು.

"ಒಂದ್ನಿಮಿಷ ಅತ್ತೆ, ಆಗೋಯ್ತು."

"ಬಿಡು ಅಂದ್ನಲ್ಲ. ಕಟ್ಟು ಅದ್ನ. ಅನ್ನಕ್ಕೆ ನೀರ್ ಬೀಳ್ತೈತೆ."

ನಾನು ಕಟ್ಟಿದ ಗಂಟು ಅವರಿಗೆ ಸರಿಬರಲಿಲ್ಲ. ನನ್ನನ್ನು ಸ್ಟೂಲಿನಿಂದ ಇಳಿಸಿ, ತಾವೇ ಹತ್ತಿ, ಹಸು ಕಟ್ಟುವ ಗಂಟು ಹಾಕಿ ಎರಡು ಸಲ ಜಗ್ಗಿ ನೋಡಿದರು. ಅಡುಗೆಯವರು ಒಂದು ಲೋಟ ಮಾಲ್ಟ್ ತಂದುಕೊಟ್ಟರು. ನಿಂತೇ ಕುಡಿದು, "ಸಿಹಿ ಜಾಸ್ತಿ" ಎಂದರು. ಕೊಪ್ಪೆ ಹಾಕಿಕೊಂಡು ಬಂದ ದಾರಿಯಲ್ಲೇ ಹೋದರು. ಅವರು ಏರಿ ದಾಟುವವರೆಗೂ ನಾನು ನೋಡುತ್ತಾ ನಿಂತೆ. ಕಣ್ಣು ತುಂಬಿ ಬಂತು, ಮಕ್ಕಳಿಗೆ ಕಾಣದ ಹಾಗೆ ಒರೆಸಿಕೊಂಡೆ.

ಸಂಜೆ ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಅತ್ತೆ ಊರಲ್ಲಿ ಸಿಕ್ಕ ಹಳೆಯ ಫ್ಲೆಕ್ಸ್‌ಗಳನ್ನೆಲ್ಲ ತಂದು ಹೊದಿಸಿದ್ದರು. ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಂಡರು ಸಾಲಾಗಿ ಮಲಗಿ ಮಳೆಗೆ ಮುಖ ಕೊಟ್ಟು ನಗುತ್ತಿದ್ದರು. ಆದರೂ ಅವು ಅರ್ಧ ಹೊಲಕ್ಕೂ ಸಾಲಲಿಲ್ಲ. ಮಳೆ ಮೂರು ದಿನ ಹಿಡಿಯಿತು. ಮುಖಂಡರ ಕೆಳಗಿನ ರಾಗಿ ಉಳಿಯಿತು, ಉಳಿದದ್ದು ತೆನೆಯಲ್ಲೇ ಬೆಳ್ಳಗೆ ಮೊಳೆಯಿತು. ಮೇಲಿನ ಹುಲ್ಲು ಕಪ್ಪಾಯಿತು.

ಬಿಸಿಲು ಬಂದ ಮೇಲೆ ಡೈರಿಯಲ್ಲಿ ಜನ ಅತ್ತೆಗೆ ಸಮಾಧಾನ ಹೇಳಲು ಬಂದರು. ಅವರು ಅವಕಾಶವನ್ನೇ ಕೊಡಲಿಲ್ಲ. "ನಾನ್ ಏನ್ ಹೇಳಿದ್ದೆ? ರಜಾ ಕೊಟ್ರು, ಬಿಸ್ಲು ಬಂತು. ಸ್ಕೂಲ್ ಇಟ್ರು, ಮಳೆ ಬಂತು. ನನ್ ಮಾತು ಸುಳ್ಳಾಯ್ತಾ?" ಎಂದು ಎದೆಯುಬ್ಬಿಸಿ ಕೇಳಿದರು. ಯಾರೂ ಸುಳ್ಳಾಯಿತು ಎನ್ನಲಿಲ್ಲ. ಅದಕ್ಕೇ ಈಗಲೂ ಎಲ್ಲರೂ ನನ್ನನ್ನೇ ಕೇಳುತ್ತಾರೆ, ನಾಳೆ ರಜಾನಾ ಎಂದು.

ಮೊಳೆತ ರಾಗಿಯನ್ನು ಅತ್ತೆ ಬಿಸಾಡಲು ಬಿಡಲಿಲ್ಲ. ಒಣಗಿಸಿ, ಒಳ್ಳೆಯದರ ಜೊತೆ ಬೆರೆಸಿ, ಮಿಲ್ಲಿಗೆ ಹಾಕಿಸಿದರು. ಆ ಹಿಟ್ಟಿಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಎಷ್ಟು ತಿರುವಿದರೂ ತಟ್ಟೆಯಲ್ಲಿ ಸಡಿಲವಾಗಿ ಹರಡಿಕೊಳ್ಳುತ್ತಿತ್ತು, ಸಾರಿನ ಜೊತೆ ನಾಲಿಗೆಗೆ ಸಿಹಿ ಹತ್ತುತ್ತಿತ್ತು. ಬೇಸಿಗೆಯ ಹೊತ್ತಿಗೆ ನನ್ನ ಗಂಡನಿಗೆ ಸಾಕಾಗಿಹೋಯಿತು. ಒಂದು ದಿನ ತಟ್ಟೆ ಪಕ್ಕಕ್ಕೆ ತಳ್ಳಿ, "ಏನಮ್ಮಾ ಇದು, ದಿನಾ ಸಿಹಿ ಮುದ್ದೆ" ಎಂದರು.

ಅತ್ತೆ ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ತಿನ್ನು" ಎಂದರು. "ಇವಳ ಸ್ಕೂಲಲ್ಲಿ ಮಕ್ಳು ಇದ್ನೇ ಕುಡಿಯಲ್ವಾ?"